ಹಟ್ಟಿಯ ಉಸಿರು, ಅಂಗಡಿಯ ಹಾಡು

ಹಟ್ಟಿಯಂಗಡಿ ಕುಂದಾಪುರದ ಬದಿಯ ಹಳೆಯ ಊರು. ವಾರಾಹಿ ಹೊಳೆ, ಸಿದ್ಧಿವಿನಾಯಕನ ಗುಡಿ, ಜೈನ ಬಸದಿ, ಊರ ಹೆಸರಿನದೇ ಒಂದು ಯಕ್ಷಗಾನ ಮೇಳ, ಎಲ್ಲ ಇಲ್ಲಿ ಇತ್ತ್. ಹೆಸರಿನ ಮೂಲ ಯಾವುದೆಂದು ಶಾಸನ ಓದುವವರು ಹೇಳಲಿ. ನಾವು ಅದನ್ನು ನಮಗೆ ಬೇಕಾದ ಹಾಗೆ ಒಡೆದು ಓದುತ್ತೇವೆ: ಹಟ್ಟಿ, ಅಂಗಡಿ. ಘಟ್ಟದ ಮೇಲೆ ಹಟ್ಟಿ ಎಂದರೆ ಊರಾಚೆಗಿನ ನಮ್ಮವರ ಕೇರಿ. ಘಟ್ಟದ ಕೆಳಗೆ ದನ ಕಟ್ಟುವ ಜಾಗ. ಎರಡೂ ಕಡೆ ದುಡಿಯುವ ಜೀವವನ್ನು ಕಟ್ಟಿಹಾಕಿದ ಜಾಗವೇ. ಅಂಗಡಿ ಎಂದರೆ ಮಾರುವ ಜಾಗ. ಇಪ್ಪತ್ತನೆಯ ಶತಮಾನದಲ್ಲಿ ಜಗತ್ತು ಕುಣಿದ ಸಂಗೀತದ ದೊಡ್ಡ ಪಾಲು ಹಟ್ಟಿಯಲ್ಲಿ ಹುಟ್ಟಿ ಅಂಗಡಿಯಲ್ಲಿ ಮಾರಾಟವಾದದ್ದು. ಅಂಗಡಿಯ ಬೋರ್ಡಿನ ಮೇಲೆ ಯಾರ ಹೆಸರು ಇತ್ತು ಎಂಬುದೇ ಈ ಲೇಖನದ ಪ್ರಶ್ನೆ.

ಜಾಜ್ ವಾದಕರು ಪಾಪ್ ಗಾಯಕರ ಜೊತೆ ಸೇರಿ ನುಡಿಸುವುದು ಸರಿಯೇ ಎಂಬ ಜಗಳ ಬಹಳ ಹಳೆಯದು. ಆ ಜಗಳದಲ್ಲಿ ಎರಡು ಪಕ್ಷ. ಒಂದು ಮಡಿವಂತರದು: ಜಾಜ್ ಎಂಬುದು ತಪಸ್ಸು, ಪಾಪ್ ಎಂಬುದು ಸಂತೆ, ಎರಡು ಬೆರೆತರೆ ಮೈಲಿಗೆ. ಇನ್ನೊಂದು ವ್ಯಾಪಾರಿಗಳದು: ಸಂಗೀತಕ್ಕೆ ಜಾತಿ ಇಲ್ಲ, ಬಣ್ಣ ಇಲ್ಲ, ಎಲ್ಲ ಕೂಡಿ ಹಾಡಿದರೆ ಆಯಿತು. ಈ ಎರಡು ಮಾತನ್ನೂ ನಾವು ಬೇರೆ ಬೇರೆ ರೂಪದಲ್ಲಿ ನಮ್ಮ ಊರಲ್ಲೇ ಕೇಳಿದ್ದೇವೆ. ಮೈಲಿಗೆ ಎಂದವನೂ ನಮ್ಮನ್ನು ಹೊರಗೇ ನಿಲ್ಲಿಸಿದ. ಜಾತಿ ಇಲ್ಲ ಎಂದವನೂ ಹೊರಗೆ ನಿಂತವನಿಂದಲೇ ವಾದ್ಯ ಬಾರಿಸಿಕೊಂಡ. ಆದ್ದರಿಂದ ನಾವು ಯಾವ ಪಕ್ಷಕ್ಕೂ ಸೇರುವುದಿಲ್ಲ.

ಹಟ್ಟಿಯಂಗಡಿಯಲ್ಲಿ ಕೂತು ಜಾಜ್ ಬಗ್ಗೆ ಬರೆಯುವುದು ಎಂತ ಮರ್ಲ್ ಮಾರ್ರೆ ಎಂದು ಕೇಳುವವರು ಇದ್ದಾರೆ. ಅವರು ಕುಂದಾಪುರದಿಂದ ಬೈಂದೂರಿನವರೆಗೆ ಮದುವೆಮನೆಗಳಿಗೆ ಒಮ್ಮೆ ಹೋಗಿ ಬರಲಿ. ಧಾರೆಯ ಹೊತ್ತಿಗೆ ಊದುವ ವಾದ್ಯ ಯಾವುದು? ಹೆಚ್ಚಿನ ಕಡೆ ಸ್ಯಾಕ್ಸೊಫೋನ್. ಬೆಲ್ಜಿಯಂ ದೇಶದ ಅಡಾಲ್ಫ್ ಸಾಕ್ಸ್ ಎಂಬವನು 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ಹಿತ್ತಾಳೆ ವಾದ್ಯ ಮೊದಲು ದಂಡಿನ ಬ್ಯಾಂಡಿಗೆ ಹೋಯಿತು. ಅದಕ್ಕೆ ಅಳುವುದನ್ನೂ ನಗುವುದನ್ನೂ ಕಲಿಸಿದವರು ಅಮೆರಿಕದ ಕರಿಯರು, ಗುಲಾಮರ ಮೊಮ್ಮಕ್ಕಳು. ಅದು ಮೈಸೂರು ಅರಮನೆಯ ಬ್ಯಾಂಡನ್ನು ಹೊಕ್ಕು, ಅಲ್ಲಿಂದ ನಮ್ಮ ಕರಾವಳಿಯ ಧಾರೆಮಂಟಪಕ್ಕೆ ಬಂತು. ಬೆಳಿಗ್ಗೆ ಅದರಲ್ಲಿ ತ್ಯಾಗರಾಜರ ಕೃತಿ, ಊಟದ ಹೊತ್ತಿಗೆ ಸಿನಿಮಾ ಹಾಡು. ಅಂದಮೇಲೆ ಈ ಜಗಳ ನ್ಯೂಯಾರ್ಕಿನದು ಮಾತ್ರವಲ್ಲ, ನಮ್ಮ ಅಂಗಳದ್ದೂ ಹೌದು.

ಇದನ್ನು ಅಳೆಯಲು ನಮ್ಮಲ್ಲೇ ಒಂದು ಅಳತೆಗೋಲು ಉಂಟು. ಯಕ್ಷಗಾನದಲ್ಲಿ ಮುಮ್ಮೇಳ, ಹಿಮ್ಮೇಳ ಎಂದು ಎರಡು ಭಾಗ. ಕಿರೀಟ ಕಟ್ಟಿದವನು ಮುಂದೆ ಕುಣಿಯುತ್ತಾನೆ. ಆದರೆ ಹಾಡುವ ಭಾಗವತ ಕೂರುವುದು ಹಿಂದೆ, ಮದ್ದಳೆ ಚಂಡೆಯವರ ಜೊತೆ. ಅವನು ಜಾಗಟೆ ಬಡಿಯದೆ ದೇವೇಂದ್ರನೂ ಹೆಜ್ಜೆ ಕಿತ್ತಿಡುವಂತಿಲ್ಲ. ಅಂದರೆ ಹಿಮ್ಮೇಳ ಎಂಬುದು ಜಾಗದ ಹೆಸರೇ ಹೊರತು ದರ್ಜೆಯ ಹೆಸರಲ್ಲ. ಪಾಪ್ ಸಂಗೀತದ ಮಾರುಕಟ್ಟೆ ಮಾಡಿದ್ದು ಏನೆಂದರೆ ಹಾಡುವವನನ್ನು ಹಿಮ್ಮೇಳದಿಂದ ಎತ್ತಿ, ಕಿರೀಟವನ್ನೂ ಅವನಿಗೇ ಕಟ್ಟಿ, ಬೆಳಕನ್ನೆಲ್ಲ ಅವನ ಮೇಲೆ ಬಿಟ್ಟದ್ದು. ಹಿಂದೆ ಉಳಿದವರು ಕತ್ತಲಲ್ಲಿ ಉಳಿದರು. ಅಲ್ಲಿಗೆ ಹಿಮ್ಮೇಳ ದರ್ಜೆಯಾಯಿತು.

1930ರ ಜುಲೈಯಲ್ಲಿ ಅಮೆರಿಕದ ಹಾಲಿವುಡ್ಡಿನಲ್ಲಿ ಒಂದು ಧ್ವನಿಮುದ್ರಣ ನಡೆಯಿತು. ಹಾಡಿದವನು ಜಿಮ್ಮಿ ರಾಡ್ಜರ್ಸ್. ರೈಲ್ವೆಯಲ್ಲಿ ದುಡಿದ ಬಿಳಿಯ, ಆಗಿನ ಕಾಲದ ಬಲು ಜನಪ್ರಿಯ ಗಾಯಕ. ಹಾಡಿನ ಹೆಸರು ‘ಬ್ಲೂ ಯೋಡೆಲ್ ನಂಬರ್ 9’. ಅವನ ಪ್ರತಿಯೊಂದು ಸಾಲು ಮುಗಿಯುತ್ತಲೇ ಒಂದು ಟ್ರಂಪೆಟ್ ಅದಕ್ಕೆ ಉತ್ತರ ಕೊಡುತ್ತದೆ. ಪಲ್ಲವಿಯ ಹಿಂದೆ ಬಾಲ ಹಿಡಿದು ಹೋಗುವ ಉತ್ತರವಲ್ಲ ಅದು. ಅರ್ಥಧಾರಿ ಎದುರು ವೇಷದವನ ಮಾತಿಗೆ ಮಾತು ಕೊಡುತ್ತಾನಲ್ಲ, ಆ ತರಹದ್ದು. ಊದಿದವನು ಲೂಯಿ ಆರ್ಮ್‌ಸ್ಟ್ರಾಂಗ್. ಪಿಯಾನೋ ನುಡಿಸಿದವಳು ಅವನ ಹೆಂಡತಿ ಲಿಲ್ ಹಾರ್ಡಿನ್. ಜಾಜ್ ಎಂಬುದಕ್ಕೆ ಆಕಾರ ಕೊಟ್ಟವರಲ್ಲಿ ಆರ್ಮ್‌ಸ್ಟ್ರಾಂಗ್ ಮೊದಲ ಸಾಲಿನವನು. ಅಷ್ಟಿದ್ದೂ ಆ ತಟ್ಟೆಯ ಮೇಲಿನ ಚೀಟಿಯಲ್ಲಿ ಇವರಿಬ್ಬರ ಹೆಸರೂ ಇರಲಿಲ್ಲ. ಕಿವಿಗೆ ಕೇಳಬಹುದು, ಕಣ್ಣಿಗೆ ಕಾಣಬಾರದು. ಅಂಗಡಿ ಮಾಡಿದ ಅಸ್ಪೃಶ್ಯತೆ ಇದು. ನಲವತ್ತು ವರ್ಷ ಕಳೆದು 1970ರಲ್ಲಿ ಗಾಯಕ ಜಾನಿ ಕ್ಯಾಶ್ ತನ್ನ ಟಿವಿ ಕಾರ್ಯಕ್ರಮಕ್ಕೆ ಆರ್ಮ್‌ಸ್ಟ್ರಾಂಗ್‌ನನ್ನು ಕರೆದು ಅದೇ ಹಾಡನ್ನು ಜೊತೆಯಾಗಿ ನುಡಿಸಿದ. ಮರುವರ್ಷ ಆರ್ಮ್‌ಸ್ಟ್ರಾಂಗ್ ತೀರಿಕೊಂಡ. ನ್ಯಾಯ ಬಂತು, ಆದರೆ ಹೆಣಕ್ಕೆ ಬೆಂಕಿ ಹಚ್ಚುವ ಹೊತ್ತಿಗೆ ಬಂದ ನೆಂಟನ ಹಾಗೆ ಬಂತು.

ಇದು ಬಿಳಿಯರ ಅಂಗಡಿಯ ಕತೆ, ಅಂಗಡಿ ನಮ್ಮವನದಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಮ್ಮ ಗೆಳೆಯರು ಕೆಲವರು ಹೇಳುತ್ತಾರೆ. ಅವರಿಗಾಗಿ ಡೆಟ್ರಾಯಿಟ್ ನಗರದ ಮೋಟೌನ್ ಕಂಪೆನಿಯ ಕತೆ. 1959ರಲ್ಲಿ ಅದನ್ನು ಕಟ್ಟಿದ ಬೆರ್ರಿ ಗೋರ್ಡಿ ಕರಿಯ. ಅಲ್ಲಿ ಹಾಡಿದವರು ಹೆಚ್ಚಿನವರು ಕರಿಯರು. ಅವರ ಹಿಂದೆ ನುಡಿಸುತ್ತಿದ್ದವರಲ್ಲಿ ಬಹುಪಾಲು ಅದೇ ನಗರದ ಜಾಜ್ ವಾದಕರು. ಹಗಲು ಸ್ಟುಡಿಯೋದಲ್ಲಿ ಪಾಪ್, ರಾತ್ರಿ ಕ್ಲಬ್ಬಿನಲ್ಲಿ ಜಾಜ್. ತಮ್ಮನ್ನು ತಾವು ಫಂಕ್ ಬ್ರದರ್ಸ್ ಎಂದು ಕರೆದುಕೊಂಡರು. ಅರವತ್ತರ ದಶಕದಲ್ಲಿ ಜಗತ್ತೆಲ್ಲ ಕೇಳಿದ ಹಾಡುಗಳ ಬೆನ್ನೆಲುಬು ಅವರ ಕೈಯದು. 1971ರಲ್ಲಿ ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಬರುವವರೆಗೆ ಹೆಚ್ಚಿನ ಹೊದಿಕೆಗಳ ಮೇಲೆ ಅವರ ಹೆಸರು ಅಚ್ಚಾಗಲಿಲ್ಲ. 1972ರಲ್ಲಿ ಕಂಪೆನಿ ಗಂಟುಮೂಟೆ ಕಟ್ಟಿ ಲಾಸ್ ಏಂಜಲೀಸಿಗೆ ಹೋಯಿತು, ಇವರಲ್ಲಿ ಹಲವರು ಹಿಂದೆ ಉಳಿದರು. ಬಾಸ್ ಗಿಟಾರಿಗೆ ಹೊಸ ವ್ಯಾಕರಣ ಬರೆದ ಜೇಮ್ಸ್ ಜೇಮರ್ಸನ್ 1983ರಲ್ಲಿ ಸತ್ತ. ರಾಕ್ ಸಂಗೀತದ ಕೀರ್ತಿಮಂದಿರದಲ್ಲಿ ಅವನಿಗೆ ಜಾಗ ಸಿಕ್ಕಿದ್ದು 2000ದಲ್ಲಿ. ಧಣಿಯ ಬಣ್ಣ ಬದಲಾದ ಮಾತ್ರಕ್ಕೆ ಧಣಿತನ ಬದಲಾಗುವುದಿಲ್ಲ. ಚಳವಳಿಯೊಳಗಿರುವ ನಾವು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಹಾಗಾದರೆ ಜಾಜ್ ವಾದಕರು ಪಾಪ್ ಹಾಡಿನ ಹೊಸಿಲು ತುಳಿಯಲೇಬಾರದೇ? ಇಲ್ಲಿ ಮಡಿವಂತರು ಬಾಯಿ ಹಾಕುತ್ತಾರೆ. 1985ರಲ್ಲಿ ಇಂಗ್ಲೆಂಡಿನ ಪಾಪ್ ಗಾಯಕ ಸ್ಟಿಂಗ್ ತನ್ನ ಹೊಸ ತಂಡಕ್ಕೆ ಜಾಜ್ ವಾದಕರನ್ನೇ ಕರೆದ. ಸ್ಯಾಕ್ಸೊಫೋನಿನ ಬ್ರಾನ್‌ಫೋರ್ಡ್ ಮಾರ್ಸಾಲಿಸ್, ಪಿಯಾನೋದ ಕೆನ್ನಿ ಕರ್ಕ್‌ಲ್ಯಾಂಡ್ ಇಬ್ಬರೂ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್‌ನ ತಂಡ ಬಿಟ್ಟು ಅಲ್ಲಿಗೆ ಹೋದರು. ಬ್ರಾನ್‌ಫೋರ್ಡ್ ವಿಂಟನ್‌ನ ಸ್ವಂತ ಅಣ್ಣ. ತಮ್ಮನಿಗೆ ಸಿಟ್ಟು ಬಂತು, ಅದು ಊರಿಗೆಲ್ಲ ಗೊತ್ತಾಯಿತು. ಕರಿಯರ ಸಂಗೀತದ ಘನತೆಯನ್ನು ಕಾಯಬೇಕೆಂಬ ವಿಂಟನ್‌ನ ಹಟ ನಮಗೆ ಅರ್ಥವಾಗುತ್ತದೆ. ಆದರೆ ಜಾಜ್ ಹುಟ್ಟಿದ್ದು ಮಠದಲ್ಲಲ್ಲ. ನ್ಯೂ ಆರ್ಲಿಯನ್ಸಿನ ಬೀದಿಯಲ್ಲಿ, ಶವದ ಮೆರವಣಿಗೆಯಲ್ಲಿ, ಕುಣಿತದ ಮನೆಯಲ್ಲಿ. ಜನರ ಹಾಡನ್ನು ಎತ್ತಿಕೊಂಡು ಅದನ್ನು ತಲೆಕೆಳಗು ಮಾಡಿಯೇ ಅದು ಬೆಳೆದದ್ದು. ಅದಕ್ಕೆ ಈಗ ಜನಿವಾರ ಹಾಕಿಸಿ ಗರ್ಭಗುಡಿಯಲ್ಲಿ ಕೂರಿಸಿದರೆ ಯಾರಿಗೆ ಲಾಭ? ಶುದ್ಧಿಯ ಮಾತನ್ನು ಯಾರೇ ಆಡಲಿ, ನಮ್ಮವನೇ ಆಡಲಿ, ಕೊನೆಗೆ ಅದು ಗುಡಿಯ ಬಾಗಿಲಿಗೇ ಹೋಗಿ ನಿಲ್ಲುತ್ತದೆ.

ಸರಿಯಾದ ಕೂಟ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಜೋನಿ ಮಿಚೆಲ್ ಹೆಸರುವಾಸಿ ಪಾಪ್ ಗಾಯಕಿ, ಬಿಳಿಯಳು. ಚಾರ್ಲ್ಸ್ ಮಿಂಗಸ್ ಜಾಜ್‌ನ ದೊಡ್ಡ ಸಂಯೋಜಕ, ಸಿಡುಕ, ವರ್ಣಭೇದದ ಎದುರು ಸಂಗೀತದಲ್ಲೇ ಬೈದವನು. ಅವನ ನರಗಳು ಸೋತು ಕೈ ನಿಂತಿದ್ದ ಕಾಲದಲ್ಲಿ ಅವನ ರಾಗಗಳಿಗೆ ಅವಳು ಮಾತು ಕಟ್ಟಿದಳು. 1979ರ ಜನವರಿಯಲ್ಲಿ ಅವನು ಸತ್ತ. ಅದೇ ವರ್ಷ ಬಂದ ತಟ್ಟೆಗೆ ಅವಳು ಇಟ್ಟ ಹೆಸರು ‘ಮಿಂಗಸ್’. ಅವಳ ಅಭಿಮಾನಿಗಳಲ್ಲಿ ಹಲವರಿಗೆ ಅದು ರುಚಿಸಲಿಲ್ಲ. ಆ ನಷ್ಟಕ್ಕೆ ಅವಳು ಸಿದ್ಧಳಿದ್ದಳು. ಮುಂದೆ ನಿಂತವನು ಏನಾದರೂ ಕಳೆದುಕೊಳ್ಳಲು ತಯಾರಿದ್ದರೆ ಮಾತ್ರ ಅದನ್ನು ಕೂಟ ಎನ್ನಬಹುದು. ಇಲ್ಲವಾದರೆ ಅದು ಕೂಲಿ.

ಇನ್ನು ನಮ್ಮ ದೇಶಕ್ಕೆ ಬರುವಾ. ಮುಂಬಯಿಯ ಹೋಟೆಲುಗಳಲ್ಲಿ ಜಾಜ್ ನುಡಿಸುತ್ತಿದ್ದವರಲ್ಲಿ ಗೋವಾದ ಕ್ರೈಸ್ತರು ಬಹಳ. ಹೋಟೆಲಿನ ಕೆಲಸ ಕಮ್ಮಿಯಾದ ಹಾಗೆ ಅವರು ಹಿಂದಿ ಸಿನಿಮಾದ ಸ್ಟುಡಿಯೋ ಸೇರಿದರು. ಸಂಗೀತ ನಿರ್ದೇಶಕರು ರಾಗ ಗುನುಗುತ್ತಿದ್ದರು. ಅದನ್ನು ಸ್ವರಲಿಪಿಯಲ್ಲಿ ಬರೆದು, ಯಾವ ವಾದ್ಯ ಎಲ್ಲಿ ಬರಬೇಕೆಂದು ಹಂಚಿ, ಹಾಡಿಗೆ ಮೈ ಕೊಟ್ಟವರು ಸೆಬಾಸ್ಟಿಯನ್ ಡಿಸೋಜ, ಫ್ರಾಂಕ್ ಫರ್ನಾಂಡ್, ಆಂಟನಿ ಗೊನ್ಸಾಲ್ವಿಸ್ ಮುಂತಾದವರು. ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ 1951ರ ‘ಅಲ್ಬೇಲಾ’ ಚಿತ್ರದಲ್ಲಿ ತನ್ನ ತಂಡದೊಂದಿಗೆ ತೆರೆಯ ಮೇಲೂ ಕಾಣಿಸಿಕೊಂಡ. ಅಂಥ ಅದೃಷ್ಟ ಉಳಿದವರಿಗೆ ಬರಲಿಲ್ಲ. ಗೊನ್ಸಾಲ್ವಿಸ್ ಹೆಸರು ದೇಶಕ್ಕೆಲ್ಲ ತಿಳಿದದ್ದು 1977ರ ‘ಅಮರ್ ಅಕ್ಬರ್ ಆಂಟನಿ’ ಚಿತ್ರದಲ್ಲಿ. ಶಿಷ್ಯ ಪ್ಯಾರೇಲಾಲ್ ಗುರುವಿನ ನೆನಪಿಗೆಂದು ಹಾಡಿನಲ್ಲಿ ಹೆಸರು ಸೇರಿಸಿದ. ಕೇಳಿದ ಕೋಟಿ ಜನ ಅದು ಮೊಟ್ಟೆಯೊಳಗಿಂದ ಬರುವ ಹಾಸ್ಯ ಪಾತ್ರದ ಹೆಸರು ಎಂದುಕೊಂಡರು. ಒಬ್ಬ ಮನುಷ್ಯ ಇದ್ದ ಎಂದು ಅವರಿಗೆ ಹೇಳಿದವರು ಯಾರು?

ಕನ್ನಡದ್ದೂ ಬೇರೆ ಕತೆಯಲ್ಲ. ಎಪ್ಪತ್ತರ ದಶಕದಲ್ಲೂ ನಮ್ಮ ಸಿನಿಮಾ ಹಾಡುಗಳು ಬಹುಪಾಲು ಮದರಾಸಿನಲ್ಲೇ ಮುದ್ರಣವಾಗುತ್ತಿದ್ದವು. ಜಿ.ಕೆ. ವೆಂಕಟೇಶ್ ಅವರ ವಾದ್ಯಗೋಷ್ಠಿಯಲ್ಲಿ ಗಿಟಾರು ಹಿಡಿದು ಸಹಾಯಕನಾಗಿ ಕೂತಿದ್ದ, ಪಣ್ಣೈಪುರದ ದಲಿತ ಕುಟುಂಬದಲ್ಲಿ ಹುಟ್ಟಿದ ಹುಡುಗ ಮುಂದೆ ಇಳಯರಾಜ ಆದ. 1976ರಲ್ಲಿ ‘ಅನ್ನಕಿಳಿ’ ಬರುವವರೆಗೆ ಅವನು ಕನ್ನಡದ ಕೇಳುಗರ ಕಿವಿಯೊಳಗೇ ಇದ್ದ, ಹೆಸರಿಲ್ಲದೆ ಇದ್ದ. ಅದೇ ಇಳಯರಾಜ 2017ರಲ್ಲಿ ತನ್ನ ಹಾಡುಗಳನ್ನು ಅನುಮತಿ ಇಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ವಕೀಲರ ನೋಟೀಸು ಕಳಿಸಿದಾಗ ಬಹಳ ಜನ ಮೂಗು ಮುರಿದರು. ಗೆಳೆತನದಲ್ಲಿ ಲೆಕ್ಕ ಯಾಕೆ ಅಂದರು. ಎಸ್ಪಿಬಿಯವರ ಕಂಠದ ಮೇಲೆ ನಮಗೂ ಪ್ರೀತಿ ಉಂಟು. ಆದರೆ ಲೆಕ್ಕ ಕೇಳುವುದು ಸಣ್ಣತನ ಎಂದು ಹೇಳಿಕೊಟ್ಟವರು ಯಾರೆಂದು ಯೋಚಿಸಿ. ಗದ್ದೆಯಲ್ಲಿ ಮೂಲಗೇಣಿ, ಚಾಲಗೇಣಿ ಮಾಡಿದ ಅಜ್ಜಂದಿರಿಗೂ ಧಣಿಗಳು ಇದನ್ನೇ ಹೇಳಿದ್ದರು.

ಈಗ ನಮ್ಮ ಕರಾವಳಿಯ ದೊಡ್ಡ ಉಸಿರಿನ ಬಗ್ಗೆ. ಕದ್ರಿ ಗೋಪಾಲನಾಥ್ 1949ರಲ್ಲಿ ಹುಟ್ಟಿದರು, ಬಂಟ್ವಾಳದ ಸಜೀಪದವರು. ತಂದೆ ತನಿಯಪ್ಪನವರು ನಾಗಸ್ವರ ಊದುತ್ತಿದ್ದರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಹಿಂದೆ ಬಿದ್ದರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಕೀಲಿಗಳ ವಾದ್ಯದಲ್ಲಿ ಗಮಕ ಹೊರಡಿಸುವುದು ಸುಲಭವಲ್ಲ. ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಇಳಿದಂತೆ ಇಳಿಯುವ ವಾದ್ಯ ಅದು. ವಾದ್ಯವನ್ನೇ ಸ್ವಲ್ಪ ತಿದ್ದಿಕೊಂಡು, ತುಟಿಯ ಒತ್ತಡವನ್ನು ಪಳಗಿಸಿ, ಮೆಟ್ಟಿಲನ್ನು ಇಳಿಜಾರು ಮಾಡಿದರು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾನೂ ಜೊತೆಗೆ ಊದುತ್ತೇನೆಂದು ವೇದಿಕೆ ಹತ್ತಿದ. ಕರಿಯರ ಕೈಯಲ್ಲಿ ಮಾತು ಕಲಿತ ವಾದ್ಯ ನಾಗಸ್ವರದವನ ಮಗನ ಕೈಯಲ್ಲಿ ಇನ್ನೊಂದು ಮಾತು ಕಲಿತು ಕರಿಯನ ಎದುರೇ ಕೂತಿತು. ಅಲ್ಲಿ ಯಾರೂ ಯಾರ ಹಿಮ್ಮೇಳವೂ ಅಲ್ಲ.

1994ರಲ್ಲಿ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಬಂತು. ಎ.ಆರ್. ರೆಹಮಾನ್ ಸಂಗೀತ, ಎಸ್ಪಿಬಿ ಗಾಯನ, ಉಸಿರು ಕದ್ರಿಯವರದು. ಇದು ನಮ್ಮ ಪ್ರಶ್ನೆಯ ನಟ್ಟನಡುವಿನ ಉದಾಹರಣೆ. ಕಲ್ಯಾಣ ವಸಂತ ರಾಗದ ಆ ಸ್ಯಾಕ್ಸೊಫೋನ್ ತುಣುಕು ಕೇಳಿ ನೋಡಿ. ಪಾಪ್ ಹಾಡಿನ ನಡುವೆ ಸ್ಯಾಕ್ಸೊಫೋನ್ ಬಂದರೆ ಅದು ಸಾಮಾನ್ಯವಾಗಿ ಉಪ್ಪಿನಕಾಯಿ, ಬಾಯಿರುಚಿಗೆ. ಇಲ್ಲಿ ಅದೇ ಅನ್ನ. ಹಾಡು ಅದರ ಸುತ್ತ ಕಟ್ಟಿಕೊಂಡಿದೆ. ಸಾಹಿತ್ಯವಿಲ್ಲದ ಆ ಕೊರಗು ಇಲ್ಲದಿದ್ದರೆ ಚಿತ್ರವೇ ಇಲ್ಲ. ತೆರೆಯ ಮೇಲೆ ವಾದ್ಯ ಹಿಡಿದವನು ನಟ ಪ್ರಭು, ಅದು ಸಿನಿಮಾದ ಕಸುಬು, ತಕರಾರಿಲ್ಲ. ಕದ್ರಿಯವರ ಹೆಸರು ಅಲ್ಲಿ ಕಳೆದುಹೋಗಲಿಲ್ಲ. ಯಾಕೆ ಹೋಗಲಿಲ್ಲ? ಅವರು ಆ ಹೆಸರನ್ನು ಸ್ಟುಡಿಯೋದಲ್ಲಿ ಗಳಿಸಿದ್ದಲ್ಲ, ಮೊದಲೇ ಸಭೆಗಳಲ್ಲಿ ಗಳಿಸಿ ತಂದಿದ್ದರು. ಅದೇ ವರ್ಷ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಉತ್ಸವದಲ್ಲಿ ಊದಿದವರು ಅವರು. ಬೇಡ ಎಂದು ಹೇಳಿ ಎದ್ದು ಬರುವ ಶಕ್ತಿ ಅವರಿಗಿತ್ತು. 2008ರಲ್ಲಿ ನ್ಯೂಯಾರ್ಕಿನ ಜಾಜ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ಮಾಡಿದ ‘ಕಿನ್ಸ್‌ಮೆನ್’ ತಟ್ಟೆಯಲ್ಲೂ ಆ ಸಮಾನತೆ ಕೇಳುತ್ತದೆ: ಒಬ್ಬರು ಸ್ವರವನ್ನು ಬಳುಕಿಸುತ್ತಾರೆ, ಒಬ್ಬರು ಕತ್ತರಿಸುತ್ತಾರೆ, ಯಾರೂ ಮಣಿಯುವುದಿಲ್ಲ. 2019ರ ಅಕ್ಟೋಬರಿನಲ್ಲಿ ಕದ್ರಿಯವರು ತೀರಿಕೊಂಡರು. ಮಗ ಮಣಿಕಾಂತ್ ಕದ್ರಿ ಕನ್ನಡ ಸಿನಿಮಾದ ಸಂಗೀತ ನಿರ್ದೇಶಕ. ಒಂದು ತಲೆಮಾರಿನಲ್ಲಿ ಊದುವ ಜಾಗದಿಂದ ಊದಿಸುವ ಜಾಗಕ್ಕೆ ಬಂದದ್ದು ಸಣ್ಣ ಮಾತಲ್ಲ.

ಆದರೆ ಗೆಳೆಯರೇ, ಹಬ್ಬ ಇಲ್ಲಿಗೇ ಮುಗಿಸಿದರೆ ನಾವೂ ವ್ಯಾಪಾರಿಗಳ ಪಕ್ಷವೇ. ಕದ್ರಿಯವರ ಹಿಂದೆ ಕರಾವಳಿಯಲ್ಲಿ ಸ್ಯಾಕ್ಸೊಫೋನ್ ಹಿಡಿದವರು ಎಷ್ಟು ಜನ! ದೇವಾಡಿಗರ ಮನೆಗಳಲ್ಲಿ ಗುಡಿಯ ವಾದ್ಯ ಊದುವುದು ಕುಲಕಸುಬಾಗಿತ್ತು. ಅಲ್ಲಿಯ ಹುಡುಗರು ಹಿತ್ತಾಳೆ ವಾದ್ಯ ಎತ್ತಿಕೊಂಡರು. ಬೇರೆಯವರೂ ಕಲಿತರು. ಜಾತ್ರೆಯ ರಾತ್ರಿ ರಸಮಂಜರಿ ಉಂಟಲ್ಲ, ಅಲ್ಲಿ ಸಿನಿಮಾ ಹಾಡು ಹಾಡುವವರ ಹಿಂದೆ ಇವರು ಊದುತ್ತಾರೆ. ಬ್ಯಾನರಿನಲ್ಲಿ ಗಾಯಕರ ಮುಖ. ಊದಿದ್ ಯಾರ್ ಮಾರ್ರೆ ಎಂದು ಕೇಳಿದರೆ ‘ಯಾರೋ, ಲಾಯ್ಕ್ ಇತ್ತ್’ ಎಂಬ ಉತ್ತರ. ಆರ್ಮ್‌ಸ್ಟ್ರಾಂಗ್‌ನ 1930 ನಮ್ಮೂರ ಗದ್ದೆಬಯಲಲ್ಲಿ ಪ್ರತಿ ಚಳಿಗಾಲಕ್ಕೂ ಹೊಸದಾಗಿ ಬರುತ್ತದೆ.

ಇನ್ನೂ ಕೆಳಗೆ ನೋಡಿ. ಕೊರಗರ ಡೋಲು. ಈ ನೆಲದ ಲಯಗಳಲ್ಲಿ ಅದರಷ್ಟು ಹಳೆಯದು, ಅದರಷ್ಟು ಗಟ್ಟಿಯದು ಕಮ್ಮಿ. ಆದರೆ ಅದನ್ನು ಬಾರಿಸಿದ್ದು ಕಲೆ ಎಂದಲ್ಲ, ಅಜಲು ಎಂಬ ಬಿಟ್ಟಿ ಎಂದು. ಕಂಬಳದ ಹಿಂದಿನ ರಾತ್ರಿ ಮಂಜಿನಲ್ಲಿ ಕೂತು ಡೋಲು ಬಾರಿಸಬೇಕಾಗಿತ್ತು. ಬದಲಿಗೆ ಎಂಜಲು, ಹಳೆ ಬಟ್ಟೆ. ಕರ್ನಾಟಕ ಸರಕಾರ 2000ದಲ್ಲಿ ಕಾನೂನು ಮಾಡಿ ಅಜಲನ್ನು ನಿಷೇಧಿಸಿತು. ಕಾನೂನು ಬಂದಮೇಲೆ ಡೋಲು ಕೆಳಗಿಟ್ಟ ಹುಡುಗರು ಇದ್ದಾರೆ. ಡೋಲನ್ನೇ ನಮ್ಮ ಹೆಮ್ಮೆ ಎಂದು ವೇದಿಕೆಗೆ ಹತ್ತಿಸಿದವರೂ ಇದ್ದಾರೆ. ಕಲಾಭಿಮಾನಿಗಳು ಮೊದಲಿನವರ ಮೇಲೆ ಬೇಸರ ಮಾಡಿಕೊಳ್ಳುತ್ತಾರೆ: ‘ಅಯ್ಯೋ, ಕಲೆ ನಶಿಸಿತಲ್ಲ.’ ನಾವು ಬೇಸರ ಮಾಡುವುದಿಲ್ಲ. ಬಾರಿಸುವುದಿಲ್ಲ ಎಂದು ಹೇಳಬಲ್ಲವನು ಮಾತ್ರ ಬಾರಿಸುತ್ತೇನೆ ಎಂದೂ ಹೇಳಬಲ್ಲ. ಅಲ್ಲಿಯವರೆಗೆ ಅದು ಸಂಗೀತವಾದರೂ ಅವನದಲ್ಲ. ನಾಳೆ ಯಾವುದೋ ಫ್ಯೂಷನ್ ತಂಡ ಆ ಡೋಲನ್ನು ಸ್ಟುಡಿಯೋಕ್ಕೆ ಕರೆದು ಪಾಪ್ ಗಾಯಕಿಯ ಹಿಂದೆ ಹಾಕಬಹುದು. ಆಗ ಅದನ್ನು ಕೊಂಡಾಡುವ ಮೊದಲು ಕೇಳುವ ಪ್ರಶ್ನೆಗಳನ್ನು ಈಗಲೇ ಬರೆದಿಡುತ್ತೇವೆ.

ಒಂದು, ಕೂಲಿ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ಬಂದು ಹಾಡು ಬರೆದವರಿಗೆ, ರಾಗ ಕಟ್ಟಿದವರಿಗೆ, ಪ್ರದರ್ಶಕರಿಗೆ ರಾಯಲ್ಟಿಯ ಹಕ್ಕು ಗಟ್ಟಿಯಾಯಿತು. ಮರುವರ್ಷವೇ ಗಾಯಕರು ಅದಕ್ಕಾಗಿ ಸಂಘ ಕಟ್ಟಿಕೊಂಡರು. ಆ ಸಂಘದ ಹೆಸರಿನೊಳಗೆ ವಾದಕರು ಸೇರಿದ್ದು ತಡವಾಗಿ. ಕಾನೂನಿನ ಪಂಕ್ತಿಯಲ್ಲೂ ಎಲೆ ಹಾಕುವ ಕ್ರಮ ಹೀಗೇ. ಎರಡು, ಹೆಸರು. ಹೊದಿಕೆಯ ಮೇಲೆ, ಬ್ಯಾನರಿನ ಮೇಲೆ, ಮೈಕಿನಲ್ಲಿ. ಮೂರು, ಒಲ್ಲೆ ಎನ್ನುವ ಹಕ್ಕು. 1939ರಲ್ಲಿ ಬಿಲ್ಲಿ ಹಾಲಿಡೇ, ಮರಕ್ಕೆ ನೇತುಹಾಕಿ ಕೊಂದ ಕರಿಯರ ಬಗೆಗಿನ ‘ಸ್ಟ್ರೇಂಜ್ ಫ್ರೂಟ್’ ಹಾಡನ್ನು ಮುದ್ರಿಸಬೇಕೆಂದಾಗ ಅವಳ ಪ್ರೇಮಗೀತೆಗಳನ್ನು ಮಾರುತ್ತಿದ್ದ ಕೊಲಂಬಿಯ ಕಂಪೆನಿ ಆಗದು ಎಂದಿತು. ಅವಳು ಕಾಮೊಡೋರ್ ಎಂಬ ಸಣ್ಣ ಕಂಪೆನಿಗೆ ಹೋಗಿ ಮುದ್ರಿಸಿದಳು. ಅಂಗಡಿಗೆ ಬೇಕಾದ ಹಾಡು, ಹಟ್ಟಿಗೆ ಬೇಕಾದ ಹಾಡು ಬೇರೆಯಾದ ದಿನ ಕಲಾವಿದ ಯಾವ ಬಾಗಿಲಿಂದ ಹೊರಗೆ ನಡೆಯುತ್ತಾನೆ ಎಂಬುದೇ ಕೊನೆಯ ಪರೀಕ್ಷೆ.

ಈ ಮೂರೂ ಸಿಕ್ಕಲ್ಲಿ ಜಾಜ್ ಪಾಪ್‌ನೊಂದಿಗೆ ಬೆರೆಯಲಿ, ಸ್ಯಾಕ್ಸೊಫೋನ್ ಸಿನಿಮಾ ಹಾಡಿಗೆ ಊದಲಿ, ಡೋಲು ಯಾವ ವೇದಿಕೆಗಾದರೂ ಹತ್ತಲಿ. ಮೈಲಿಗೆಯ ಮಾತು ಬೇಡ. ಸಿಗದಲ್ಲಿ ಎಷ್ಟು ಇಂಪಾಗಿದ್ದರೂ ಅದು ಬಿಟ್ಟಿ ಚಾಕರಿ.

ದೂರದ ಕಂಪೆನಿಗಳನ್ನು ತಿದ್ದುವ ಮೊದಲು ಹತ್ತಿರದ ಒಂದು ಕೆಲಸ. ನಮ್ಮ ಊರುಗಳ ಜಾತ್ರೆ, ಮದುವೆಗಳ ಕಾಗದ ತೆಗೆದು ನೋಡಿ. ಪುರೋಹಿತರ ಹೆಸರು ಉಂಟು, ಉದ್ಘಾಟಕರ ಹೆಸರು ಉಂಟು, ರಸಮಂಜರಿಯ ಗಾಯಕರ ಹೆಸರು ದಪ್ಪಕ್ಷರದಲ್ಲಿ ಉಂಟು. ಕೆಳಗೆ ‘ವಾದ್ಯಘೋಷದೊಂದಿಗೆ’ ಎಂದು ಒಂದು ಪದ. ಆ ಪದದೊಳಗೆ ಆರೇಳು ಮನುಷ್ಯರು ಇದ್ದಾರೆ. ಮುಂದಿನ ಸಲ ಕಾಗದ ಅಚ್ಚಿಗೆ ಹೋಗುವಾಗ ಆ ಆರೇಳು ಹೆಸರುಗಳನ್ನು ಬರೆಸಿ. ಪ್ರೆಸ್ಸಿನವರು ಜಾಗ ಇಲ್ಲ ಎಂದರೆ ಉದ್ಘಾಟಕರಲ್ಲಿ ಒಬ್ಬರನ್ನು ಕಮ್ಮಿ ಮಾಡಿ.